ಭೂಪ್ರದಕ್ಷಿಣೆಯ ಟಿಕೆಟ್: ಮೊದಲು ಸಾಗರ, ಆಮೇಲೆ ಊರು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟದಲ್ಲಿ ವಿಶ್ವ ಪರ್ಯಟನೆಯ ಬರಹ ಬಂದಾಗಲೆಲ್ಲ ಕೊನೆಯಲ್ಲಿ ಒಂದು ಮೊತ್ತ ಇರುತ್ತದೆ: ಇಷ್ಟು ದೇಶ, ವಿಮಾನಕ್ಕೆ ಇಷ್ಟು ಖರ್ಚು. ಅದು ಒಂದೇ ಟಿಕೆಟ್ಟಿನ ಬೆಲೆಯೋ, ಹತ್ತು ಬಿಡಿ ಟಿಕೆಟ್‌ಗಳ ಮೊತ್ತವೋ, ಲಗೇಜು ಸೇರಿದೆಯೋ, ನಡುವೆ ಒಂದು ವಿಮಾನ ತಪ್ಪಿದರೆ ಹೊಣೆ ಯಾರದು ಎಂಬುದೊಂದೂ ಇರುವುದಿಲ್ಲ. ಓದಿದವರು ಅದೇ ಮೊತ್ತವನ್ನು ಬೆನ್ನುಹತ್ತಿ ರಾತ್ರಿಯೆಲ್ಲ ವೆಬ್‌ಸೈಟ್ ತಿರುವಿಹಾಕುತ್ತಾರೆ. ಇಂಥ ಬರಹಗಳ ಜೊತೆಗೇ ಅಚ್ಚಾಗಬೇಕಾದ ಕೆಲವು ವಿವರಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಹಲವು ನಿಲುಗಡೆಗಳ ಪ್ರವಾಸದಲ್ಲಿ ಹಣ ಕರಗುವುದು ಸಾಗರ ದಾಟುವಾಗ. ಅಟ್ಲಾಂಟಿಕ್ ಒಂದು, ಪೆಸಿಫಿಕ್ ಒಂದು, ಏಷ್ಯಾ–ಯುರೋಪ್ ನಡುವಿನ ಉದ್ದನೆಯ ಹಾರಾಟ ಇನ್ನೊಂದು. ಈ ಮೂರ್ನಾಲ್ಕು ಹಾರಾಟಗಳೇ ಖರ್ಚಿನ ದೊಡ್ಡ ಪಾಲನ್ನು ನುಂಗುತ್ತವೆ. ಊರಿಂದೂರಿಗೆ ಹಾರುವ ಚಿಕ್ಕ ವಿಮಾನಗಳು ಅವುಗಳ ಮುಂದೆ ಚಿಲ್ಲರೆ. ಆದರೆ ಹೆಚ್ಚಿನವರು ಮೊದಲು ಹದಿನೈದು ಊರುಗಳ ಪಟ್ಟಿ ಬರೆದು, ಆಮೇಲೆ ಅದಕ್ಕೆ ವಿಮಾನ ಹುಡುಕಲು ಹೊರಡುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು. ಯಾವ ದಡದ ಯಾವ ಊರಿನಿಂದ ಯಾವ ಊರಿಗೆ ಸಾಗರ ದಾಟುವುದು ಅಗ್ಗ ಎಂದು ಮೊದಲು ಗೊತ್ತುಮಾಡಿಕೊಂಡು, ಉಳಿದ ಊರುಗಳನ್ನು ಅದರ ಸುತ್ತ ಹೆಣೆಯಬೇಕು.

ಎಲ್ಲಿ ಹೆಚ್ಚು ಕಂಪನಿಗಳು ಪೈಪೋಟಿಗೆ ಬಿದ್ದಿವೆಯೋ ಅಲ್ಲಿ ದರ ಇಳಿಯುತ್ತದೆ. ಲಂಡನ್–ನ್ಯೂಯಾರ್ಕ್ ದಾರಿಯಲ್ಲಿ ದಿನಕ್ಕೆ ಎಷ್ಟೋ ವಿಮಾನಗಳು. ಅದೇ ದಕ್ಷಿಣ ಗೋಳಾರ್ಧದಲ್ಲಿ ಸಿಡ್ನಿ ಅಥವಾ ಆಕ್ಲೆಂಡ್‌ನಿಂದ ಸ್ಯಾಂಟಿಯಾಗೊಗೆ, ಸಾವೊ ಪಾಲೊದಿಂದ ಜೊಹಾನ್ಸ್‌ಬರ್ಗ್‌ಗೆ ನೇರ ಹಾರುವ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದು. ಆ ದಾರಿಗಳಲ್ಲಿ ಬಿಡಿ ಟಿಕೆಟ್ ಕೊಳ್ಳುವವರ ಜೇಬಿಗೆ ಕತ್ತರಿ ಖಚಿತ. ಇನ್ನು ಕೆಲವು ಕಂಪನಿಗಳು ತಮ್ಮದಲ್ಲದ ಎರಡು ದೇಶಗಳ ನಡುವೆಯೂ ಹಾರುತ್ತವೆ. ಸಿಂಗಪುರ ಏರ್‌ಲೈನ್ಸ್‌ನ ಫ್ರಾಂಕ್‌ಫರ್ಟ್–ನ್ಯೂಯಾರ್ಕ್, ಎಮಿರೇಟ್ಸ್‌ನ ಮಿಲಾನ್–ನ್ಯೂಯಾರ್ಕ್ ಮತ್ತು ಅಥೆನ್ಸ್–ನ್ಯೂಅರ್ಕ್ (ನ್ಯೂಯಾರ್ಕ್ ಪಕ್ಕದ ನಿಲ್ದಾಣ) ಇಂಥವು. ಇವು ಹಲವರ ಕಣ್ಣಿಗೆ ಬೀಳುವುದೇ ಇಲ್ಲ. ಅಟ್ಲಾಂಟಿಕ್ ದಾಟುವ ದರ ನೋಡುವಾಗ ಇವನ್ನೂ ಒಮ್ಮೆ ನೋಡಬೇಕು. ಐಸ್‌ಲ್ಯಾಂಡ್‌ಏರ್ ಅಟ್ಲಾಂಟಿಕ್ ದಾಟುವವರಿಗೆ ರೇಕ್ಯವಿಕ್‌ನಲ್ಲಿ 7 ದಿನದವರೆಗೆ, ಟ್ಯಾಪ್ ಕಂಪನಿ ಪೋರ್ಚುಗಲ್‌ನಲ್ಲಿ 10 ದಿನದವರೆಗೆ, ವಿಮಾನ ದರ ಏರಿಸದೆ ತಂಗಲು ಬಿಡುತ್ತವೆ. ಸಾಗರ ದಾಟುವ ಟಿಕೆಟ್ಟಿನಲ್ಲೇ ಒಂದು ದೇಶ ಪುಕ್ಕಟೆ ಸಿಕ್ಕಂತೆ.

ಕೊಳ್ಳುವ ದಾರಿ ಎರಡು: ವಿಮಾನ ಕಂಪನಿಗಳ ಒಕ್ಕೂಟ ಮಾರುವ ‘ರೌಂಡ್ ದಿ ವರ್ಲ್ಡ್’ ಟಿಕೆಟ್, ಇಲ್ಲವೇ ಬಿಡಿ ಟಿಕೆಟ್‌ಗಳ ಸರಪಳಿ. ಮೊದಲನೆಯದಕ್ಕೆ ಇಂದು ಮುಖ್ಯವಾಗಿ ನೋಡಬೇಕಾದವು 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್ ಮತ್ತು 1999ರಲ್ಲಿ ಶುರುವಾದ ಒನ್‌ವರ್ಲ್ಡ್. ಎರಡರಲ್ಲೂ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಒಂದೊಂದು ಸಲ ದಾಟಬೇಕು, ಪೂರ್ವಕ್ಕೋ ಪಶ್ಚಿಮಕ್ಕೋ ಒಂದೇ ದಿಕ್ಕು ಹಿಡಿಯಬೇಕು, ಹೊರಟ ದೇಶಕ್ಕೇ ಮರಳಬೇಕು. ಒಂದು ವರ್ಷದೊಳಗೆ ಮುಗಿಸಬೇಕು. ಹಾರಾಟಗಳು 16 ಮೀರುವಂತಿಲ್ಲ.

ಬೆಲೆ ಕಟ್ಟುವ ಲೆಕ್ಕ ಮಾತ್ರ ಬೇರೆ ಬೇರೆ. ಸ್ಟಾರ್ ಅಲಯನ್ಸ್ ಮೈಲಿ ಎಣಿಸುತ್ತದೆ. 29, 34, 39 ಸಾವಿರ ಮೈಲಿಗಳೆಂದು ಮೆಟ್ಟಿಲುಗಳಿದ್ದು, ಒಂದು ಮೈಲಿ ಮೀರಿದರೂ ಮುಂದಿನ ಮೆಟ್ಟಿಲಿನ ಬೆಲೆ. ಉದಾಹರಣೆಗೆ ಲಂಡನ್–ಸಿಂಗಪುರ–ಸಿಡ್ನಿ–ಆಕ್ಲೆಂಡ್–ಲಾಸ್ ಏಂಜಲೀಸ್–ನ್ಯೂಯಾರ್ಕ್–ಲಂಡನ್ ಸುತ್ತು ಸುಮಾರು 24,500 ಮೈಲಿ. ಸಿಂಗಪುರ ಮತ್ತು ಸಿಡ್ನಿ ನಡುವೆ ಟೋಕಿಯೊ ಸೇರಿಸಿದರೆ 28,700ರ ಆಸುಪಾಸು. ಅಂದರೆ ಟೋಕಿಯೊ 29 ಸಾವಿರದ ಮೆಟ್ಟಿಲಲ್ಲೇ ಹಿಡಿಸುತ್ತದೆ. ಅದರ ಮೇಲೆ ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ನಡುವೆ ಲಿಮಾ ತುರುಕಿದರೆ ಲೆಕ್ಕ 34 ಸಾವಿರವನ್ನೂ ಕೂದಲೆಳೆಯಷ್ಟು ದಾಟಿ 39 ಸಾವಿರದ ಮೆಟ್ಟಿಲು ಹತ್ತುತ್ತದೆ. ಇಲ್ಲೊಂದು ಮೋಸದ ಜಾಗವಿದೆ. ಈ ದೂರಗಳು ಭೂಗೋಳದ ಮೇಲೆ ಊರಿಂದೂರಿಗೆ ನೇರ ಗೆರೆ ಎಳೆದಾಗಿನವು. ಲಿಮಾಕ್ಕೆ ಪನಾಮಾ ನಗರದಲ್ಲಿ ವಿಮಾನ ಬದಲಿಸಿ ಹೋದರೆ ಮೈಲಿ ಎಣಿಕೆ ಪನಾಮಾ ಮೂಲಕವೇ ಆಗುತ್ತದೆ. ಆದ್ದರಿಂದ ‘ಗ್ರೇಟ್ ಸರ್ಕಲ್ ಮ್ಯಾಪರ್’ ತಾಣದಲ್ಲಿ ಲೆಕ್ಕ ಹಾಕುವಾಗ ವಿಮಾನ ಬದಲಿಸುವ ಊರುಗಳನ್ನೂ ಬರೆದು, ಮೆಟ್ಟಿಲಿನ ಅಂಚಿಗಿಂತ ಒಂದಿನ್ನೂರು ಮೈಲಿ ಕೆಳಗೇ ನಿಲ್ಲುವುದು ಕ್ಷೇಮ. ನಡುವೆ ರೈಲಿನಲ್ಲೋ ಬಸ್ಸಿನಲ್ಲೋ ಹೋದ ದೂರವನ್ನೂ ಟಿಕೆಟ್ಟಿನ ಮೈಲಿಗೆ ಸೇರಿಸುತ್ತಾರೆ. ಹಾರದ ಮೈಲಿಗೂ ಬೆಲೆ ತೆರುವುದು ವಿಚಿತ್ರವೇ, ಆದರೆ ನಿಯಮ ಹಾಗಿದೆ.

ಒನ್‌ವರ್ಲ್ಡ್‌ನ ‘ಎಕ್ಸ್‌ಪ್ಲೋರರ್’ ಟಿಕೆಟ್ ಎಣಿಸುವುದು ಖಂಡಗಳನ್ನು, ಮೂರರಿಂದ ಆರರವರೆಗೆ. ಎಷ್ಟು ಉದ್ದ ಹಾರಿದರೂ ಬೆಲೆ ಅಷ್ಟೇ. ಹಾಗಾಗಿ ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳ ದೂರದ ಹಾರಾಟ ಬೇಕೆನ್ನುವವರಿಗೆ ಇದು ಲಾಭ. ಆದರೆ ಒಂದು ಖಂಡದೊಳಗೆ ನಾಲ್ಕೇ ಹಾರಾಟ, ಉತ್ತರ ಅಮೆರಿಕಕ್ಕೆ ಮಾತ್ರ ಆರು. ವಿಮಾನ ಬದಲಿಸಿ ಹೋದರೆ ಎರಡು ಹಾರಾಟ ಖರ್ಚಾದಂತೆ. ನೆಲದ ಮೇಲೆ ಸಾಗಿದ ತುಂಡೂ 16ರ ಲೆಕ್ಕದಲ್ಲಿ ಒಂದು. ಖಂಡಗಳ ಗಡಿಯೂ ಶಾಲೆಯ ಭೂಗೋಳದಂತಿಲ್ಲ: ಈಜಿಪ್ಟ್ ಇವರ ಲೆಕ್ಕದಲ್ಲಿ ಯುರೋಪ್–ಮಧ್ಯಪ್ರಾಚ್ಯಕ್ಕೆ ಸೇರಿದೆ, ಹವಾಯಿ ಉತ್ತರ ಅಮೆರಿಕಕ್ಕೆ. ಕೈರೊ ನೋಡಿ ಬರಲು ಆಫ್ರಿಕಾದ ಬೆಲೆ ತೆರಬೇಕಿಲ್ಲ ಎಂದಾಯಿತು.

ಎರಡೂ ಟಿಕೆಟ್‌ಗಳ ಮೂಲ ದರ ನಿಲ್ಲುವುದು ಎಲ್ಲಿಂದ ಹೊರಡುತ್ತೀರಿ ಎಂಬುದರ ಮೇಲೆ. ಅದೇ ಊರುಗಳು, ಅದೇ ವಿಮಾನಗಳು. ಹೊರಡುವ ದೇಶ ಬದಲಾದರೆ ಬೆಲೆಯೇ ಬೇರೆ. ಪಕ್ಕದ ದೇಶಕ್ಕೆ ಅಗ್ಗದ ವಿಮಾನದಲ್ಲಿ ಹೋಗಿ ಅಲ್ಲಿಂದ ಸುತ್ತು ಶುರುಮಾಡಿದರೆ ಎಷ್ಟಾಗುತ್ತದೆ ಎಂದು ಕೊಳ್ಳುವ ಮುಂಚೆ ಪರೀಕ್ಷಿಸಬಹುದು. ಸುತ್ತು ಮುಗಿಯುವುದೂ ಅದೇ ದೇಶದಲ್ಲಿ ಎಂಬುದನ್ನು ಮರೆಯಬಾರದು. ಮೂಲ ದರದ ಮೇಲೆ ಪ್ರತಿ ನಿಲ್ದಾಣದ ತೆರಿಗೆ, ಕಂಪನಿಗಳು ಹಾಕುವ ಸರ್‌ಚಾರ್ಜ್ ಕೂಡುತ್ತವೆ. ಒಂದೇ ಒಕ್ಕೂಟದ ಎರಡು ಕಂಪನಿಗಳ ಸರ್‌ಚಾರ್ಜ್‌ನಲ್ಲಿ ಭಾರಿ ಅಂತರ ಇರುವುದುಂಟು. ಒಂದು ಹಾರಾಟದ ಕಂಪನಿ ಬದಲಿಸಿ ಮತ್ತೆ ಲೆಕ್ಕ ನೋಡುವುದು ಹತ್ತು ನಿಮಿಷದ ಕೆಲಸ. ಬ್ರಿಟನ್ನಿನಿಂದ ದೂರದ ದೇಶಕ್ಕೆ ಹೊರಡುವವರ ಮೇಲೆ ಪ್ರಯಾಣ ಸುಂಕ ಜಾಸ್ತಿ. ಲಂಡನ್ನಿಗೆ ಹಾರಿ ಇಳಿದು, ಉದ್ದನೆಯ ಹಾರಾಟಕ್ಕೆ ಯುರೋಪಿನ ಇನ್ನೊಂದು ಊರಿನಿಂದ ಹೊರಟರೆ ಆ ಹೆಚ್ಚಿನ ಸುಂಕ ತಪ್ಪಬಹುದು. ಲೋಕ ಸುತ್ತಿಬಂದ ಷಣ್ಮುಖನಿಗೆ ನವಿಲೊಂದಿತ್ತು, ಈ ಲೆಕ್ಕಗಳಿರಲಿಲ್ಲ.

ಹಾಗಾದರೆ ಯಾವುದು ಅಗ್ಗ? ಇಕಾನಮಿ ದರ್ಜೆಯಲ್ಲಿ, ಉತ್ತರ ಗೋಳಾರ್ಧದಲ್ಲೇ ನಾಲ್ಕೈದು ನಿಲುಗಡೆ ಸಾಕು ಎನ್ನುವವರಿಗೆ ಬಿಡಿ ಟಿಕೆಟ್ಟೇ ಅಗ್ಗ. ಎಂಟು ಮೀರಿದರೆ, ದಕ್ಷಿಣ ಅಮೆರಿಕವೋ ದಕ್ಷಿಣ ಪೆಸಿಫಿಕ್ಕೋ ಸೇರಿದರೆ, ಅಥವಾ ಬಿಸಿನೆಸ್ ದರ್ಜೆ ಬೇಕಾದರೆ ಒಕ್ಕೂಟದ ಟಿಕೆಟ್ ಗೆಲ್ಲುವುದೇ ಹೆಚ್ಚು. ದಿನಾಂಕ ಪದೇ ಪದೇ ಬದಲಾಗಬಹುದು ಎನ್ನುವವರಿಗೂ ಅದೇ ಸರಿ, ಏಕೆಂದರೆ ಅದೇ ದರ್ಜೆಯ ಸೀಟು ಖಾಲಿ ಇದ್ದರೆ ಸಾಮಾನ್ಯವಾಗಿ ದಂಡವಿಲ್ಲದೆ ದಿನಾಂಕ ಬದಲಿಸಬಹುದು. ಊರು ಬದಲಿಸಿದರೆ ಮಾತ್ರ ಟಿಕೆಟ್ ಹೊಸದಾಗಿ ಬರೆಯಬೇಕು. ಶುಲ್ಕವೂ ಹೊಸ ತೆರಿಗೆ ಲೆಕ್ಕವೂ ಬರುತ್ತದೆ. ಕಂಪನಿಗಳು ಸೀಟು ತೆರೆಯುವುದು ಸುಮಾರು 330ರಿಂದ 360 ದಿನ ಮುಂಚೆ. ವರ್ಷವಿಡೀ ಸುತ್ತುವವರು ಕೊನೆಯ ಹಾರಾಟಗಳಿಗೆ ಸದ್ಯ ಸಿಗುವ ದಿನಾಂಕವನ್ನೇ ಹಾಕಿಸಿ, ಮುಂದೆ ಸರಿಸಿಕೊಳ್ಳುವುದು ರೂಢಿಯ ಉಪಾಯ.

ಬಿಡಿ ಟಿಕೆಟ್ ಕೊಳ್ಳುವವರು ‘ಒನ್ ವೇ’ ದರ ಕಂಡು ಹೌಹಾರುವುದುಂಟು. ಖಂಡದಿಂದ ಖಂಡಕ್ಕೆ ಹಾರುವ ದೊಡ್ಡ ಕಂಪನಿಗಳಲ್ಲಿ ಹೋಗುವ ಟಿಕೆಟ್ ಒಂದೇ ಕೊಂಡರೆ ಕೆಲವೊಮ್ಮೆ ಹೋಗಿಬರುವ ಟಿಕೆಟ್‌ಗಿಂತ ದುಬಾರಿ. ಸ್ಕೂಟ್, ಜೆಟ್‌ಸ್ಟಾರ್, ಜಿಪ್‌ಏರ್‌ನಂಥ ಅಗ್ಗದ ಕಂಪನಿಗಳು ಪ್ರತಿ ಹಾರಾಟಕ್ಕೂ ಬೇರೆಯಾಗಿ ಬೆಲೆ ಕಟ್ಟುವುದರಿಂದ ಅಲ್ಲಿ ಈ ತೊಂದರೆ ಇಲ್ಲ. ದೊಡ್ಡ ಕಂಪನಿಯೇ ಬೇಕಾದರೆ ‘ಮಲ್ಟಿ ಸಿಟಿ’ ಹುಡುಕಾಟದಲ್ಲಿ ಒಂದು ಊರಿಗೆ ಹೋಗಿ ಇನ್ನೊಂದು ಊರಿನಿಂದ ಮರಳುವಂತೆ ಕೇಳಿ, ನಡುವಿನ ತುಂಡನ್ನು ಅಗ್ಗದ ವಿಮಾನದಲ್ಲಿ ತುಂಬಿಸಬೇಕು. ಹೋಗಿಬರುವ ಟಿಕೆಟ್ ಕೊಂಡು ಮರಳುವ ಭಾಗವನ್ನು ಎಸೆಯುವುದಕ್ಕೆ ಕಂಪನಿಗಳ ಷರತ್ತುಗಳು ಒಪ್ಪುವುದಿಲ್ಲ. ಮೊದಲ ಇಲ್ಲವೇ ನಡುವಿನ ಹಾರಾಟ ಬಿಟ್ಟರಂತೂ ಆ ಟಿಕೆಟ್ಟಿನ ಮುಂದಿನದೆಲ್ಲ ರದ್ದಾಗುತ್ತದೆ. ಒಕ್ಕೂಟದ ಟಿಕೆಟ್ಟಿಗೂ ಇದೇ ನಿಯಮ. ಸಿಡ್ನಿ ಇಷ್ಟವಾಗಿ ಆಕ್ಲೆಂಡ್ ವಿಮಾನ ಹತ್ತದೆ ಸುಮ್ಮನೆ ಕೂತರೆ, ಲಾಸ್ ಏಂಜಲೀಸ್‌ನ ವಿಮಾನವೂ ಹೋಯಿತು. ಮುಂಚೆಯೇ ಫೋನ್ ಮಾಡಿ ಬದಲಿಸಿಕೊಳ್ಳಬೇಕು.

ದರದ ಬಗ್ಗೆ ಹಬ್ಬಿರುವ ಮೂಢನಂಬಿಕೆಗಳು ಬೇಕಾದಷ್ಟು: ಮಂಗಳವಾರ ನಡುರಾತ್ರಿ ಕೊಳ್ಳಬೇಕು, ಬ್ರೌಸರ್‌ನ ಕುಕಿ ಅಳಿಸಬೇಕು. ಆಗುವುದೇ ಬೇರೆ. ಒಂದೇ ವಿಮಾನದ ಇಕಾನಮಿ ಸೀಟುಗಳನ್ನು ಹತ್ತಾರು ದರಗಳ ಗುಂಪುಗಳಾಗಿ ಹಂಚಿರುತ್ತಾರೆ. ಅಗ್ಗದ ಗುಂಪಿನಲ್ಲಿ ಮೂರೇ ಸೀಟು ಉಳಿದಿರುವಾಗ ನಾಲ್ವರಿಗೆ ಹುಡುಕಿದರೆ ನಾಲ್ವರಿಗೂ ಮುಂದಿನ ಗುಂಪಿನ ದರ ತೋರಿಸುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ ನೋಡಬೇಕು. ಅಗ್ಗವಿದ್ದರೆ ಮೂವರಿಗೆ ಒಂದು, ಒಬ್ಬರಿಗೆ ಇನ್ನೊಂದು ಬುಕಿಂಗ್ ಮಾಡಬಹುದು.

ಅಗ್ಗದ ಸರಪಳಿ ಹರಿಯುವುದು ಎರಡು ಟಿಕೆಟ್‌ಗಳ ನಡುವಿನ ಕೊಂಡಿಯಲ್ಲಿ. ಒಂದೇ ಟಿಕೆಟ್ಟಿನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಬಿಡಿ ಟಿಕೆಟ್‌ಗಳಲ್ಲಿ ಎರಡನೆಯ ಕಂಪನಿಯ ಪಾಲಿಗೆ ನೀವು ಬಾರದ ಪ್ರಯಾಣಿಕ, ಅಷ್ಟೆ, ಹಣ ನೀರುಪಾಲು. ಲಗೇಜೂ ಕೊನೆಯ ಊರಿಗೆ ನೇರ ಹೋಗುವುದಿಲ್ಲ. ಇಮಿಗ್ರೇಶನ್ ದಾಟಿ, ಬೆಲ್ಟಿನಿಂದ ಎತ್ತಿಕೊಂಡು, ಮತ್ತೆ ಚೆಕ್‌-ಇನ್ ಮಾಡಬೇಕು. ಅಂದರೆ ಬರೀ ವಿಮಾನ ಬದಲಿಸಲೂ ಆ ದೇಶದ ವೀಸಾ ಬೇಕಾಗಬಹುದು. ಬುಕಿಂಗ್ ತಾಣಗಳು ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಸಣ್ಣ ಅಕ್ಷರದಲ್ಲಿ ಹಾಕುವುದು ಇದನ್ನೇ. ಕನಿಷ್ಠ ನಾಲ್ಕೈದು ಗಂಟೆ ಅಂತರ ಬಿಡಿ; ಮುಂದಿನದು ಸಾಗರ ದಾಟುವ ವಿಮಾನವಾದರೆ ಒಂದು ರಾತ್ರಿಯನ್ನೇ ಬಿಡಿ. ಇಳಿಯುವ ಮತ್ತು ಹತ್ತುವ ನಿಲ್ದಾಣ ಒಂದೇ ಎಂದು ಖಚಿತಪಡಿಸಿಕೊಳ್ಳಿ. ಟೋಕಿಯೊದಲ್ಲಿ ನರಿಟಾ, ಹನೇಡಾ. ಲಂಡನ್ನಿನಲ್ಲಿ ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್. ಪ್ಯಾರಿಸ್ ಹೆಸರಿನಲ್ಲಿ ಮಾರುವ ಬೋವೆ ನಿಲ್ದಾಣ ಇರುವುದು ಆ ಊರಿನಿಂದ ಸುಮಾರು 85 ಕಿ.ಮೀ. ಆಚೆ. ಕೈಚೀಲದ ತೂಕಕ್ಕೂ ಇದೇ ಮಾತು: ದೊಡ್ಡ ಕಂಪನಿಯಲ್ಲಿ ನಡೆದ ಚೀಲ, 7 ಕೆ.ಜಿ. ಮಿತಿಯ ಅಗ್ಗದ ಕಂಪನಿಯ ಗೇಟಿನಲ್ಲಿ ತಕ್ಕಡಿ ಏರುತ್ತದೆ. ಸರಪಳಿಯಲ್ಲಿ ಎಲ್ಲಕ್ಕಿಂತ ಬಿಗಿ ನಿಯಮ ಯಾವ ಕಂಪನಿಯದೋ ಅದಕ್ಕೆ ತಕ್ಕಂತೆ ಗಂಟು ಕಟ್ಟಬೇಕು.

ಒಂದೇ ಟಿಕೆಟ್ ಇದ್ದರೂ ಅಮೆರಿಕದಲ್ಲಿ ವಿನಾಯಿತಿ ಇಲ್ಲ. ಅಲ್ಲಿ ವಿಮಾನ ಬದಲಿಸುವವರೂ ಇಮಿಗ್ರೇಶನ್ ದಾಟಲೇಬೇಕು, ಅದಕ್ಕೆ ವೀಸಾ ಅಥವಾ ಮುಂಗಡ ಅನುಮತಿ ಇರಲೇಬೇಕು. ಆಕ್ಲೆಂಡ್‌ನಿಂದ ಲಾಸ್ ಏಂಜಲೀಸ್ ಮೂಲಕ ಲಂಡನ್‌ಗೆ ಅಗ್ಗದ ಟಿಕೆಟ್ ಕೊಂಡವರು ಆಕ್ಲೆಂಡ್‌ನ ಕೌಂಟರಿನಲ್ಲೇ ನಿಲ್ಲಬೇಕಾಗುವುದು ಹೀಗೆ. ಆ ದೇಶದಿಂದ ಹೊರಹೋಗುವ ಟಿಕೆಟ್ ತೋರಿಸಿ ಎಂದು ಕೇಳುವ ದೇಶಗಳೂ ಇವೆ, ನ್ಯೂಜಿಲೆಂಡ್‌ನಂತೆ. ‘ಮುಂದಿನದನ್ನು ಅಲ್ಲಿ ಹೋಗಿ ಕೊಳ್ಳೋಣ’ ಎನ್ನುವವರಿಗೆ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಕೌಂಟರಿನವರು ನೋಡುವುದು ‘ಟಿಮ್ಯಾಟಿಕ್’ ಎಂಬ ಮಾಹಿತಿಕೋಶವನ್ನು. ಕೆಲವು ಕಂಪನಿಗಳ ತಾಣದಲ್ಲಿ ಅದನ್ನು ಪ್ರಯಾಣಿಕರೂ ನೋಡಬಹುದು. ಹಣ ಕಟ್ಟುವ ಮುಂಚೆ ನೋಡಿಕೊಳ್ಳಿ.

ಕೊಂಡ ಮೇಲೂ ಕೆಲಸ ಇದೆ. ‘ಬುಕಿಂಗ್ ಖಚಿತ’ ಎಂದು ಮೇಲ್ ಬಂದ ಮಾತ್ರಕ್ಕೆ ಟಿಕೆಟ್ ಆಗಿರುವುದಿಲ್ಲ. 13 ಅಂಕಿಗಳ ಇ-ಟಿಕೆಟ್ ಸಂಖ್ಯೆ ಬಂದಿರಬೇಕು. ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು. ಬೇರೆ ಬೇರೆ ಕಂಪನಿಗಳ ಹಾರಾಟಗಳಿದ್ದರೆ ಪ್ರತಿ ಕಂಪನಿಗೂ ಆರು ಅಕ್ಷರಗಳ ಪಿಎನ್‌ಆರ್ ಬೇರೆ ಇರಬಹುದು. ಎಲ್ಲವನ್ನೂ ಕೇಳಿ ಪಡೆದು, ಆಯಾ ಕಂಪನಿಯ ತಾಣದಲ್ಲಿ ತೆರೆದು ನೋಡಬೇಕು. ಒಂದು ವರ್ಷದ ಪ್ರವಾಸದಲ್ಲಿ ಒಂದೆರಡು ಹಾರಾಟಗಳ ಸಮಯ ಬದಲಾಗುವುದು ಹೆಚ್ಚೂಕಡಿಮೆ ಗ್ಯಾರಂಟಿ. ಬದಲಾದಾಗ ಬುಕಿಂಗ್‌ನಲ್ಲಿ ಹೊಸ ಸಮಯ ಬಂದಿದ್ದರೂ ಟಿಕೆಟ್ ಹಳೆಯದೇ ಉಳಿದು, ವಿಮಾನ ನಿಲ್ದಾಣದಲ್ಲಿ ಎರಡೂ ತಾಳೆಯಾಗದೆ ಹೋಗುವುದುಂಟು. ಟಿಕೆಟ್ ಹೊಸದಾಗಿ ಬರೆದಾಗಿದೆಯೇ ಎಂದು ಅದನ್ನು ವಿತರಿಸಿದವರನ್ನೇ ಕೇಳಬೇಕು. ಏಜೆಂಟರ ಮೂಲಕ ಕೊಂಡಿದ್ದರೆ ಕಂಪನಿ ಏಜೆಂಟರತ್ತ ಕೈತೋರಿಸುತ್ತದೆ. ಫೋನ್ ಎತ್ತುವ ಏಜೆಂಟರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೊನೆಯದಾಗಿ ಅಂತಾರಾಷ್ಟ್ರೀಯ ದಿನರೇಖೆ. ಆಕ್ಲೆಂಡ್‌ನಿಂದ ಶನಿವಾರ ರಾತ್ರಿ 8ಕ್ಕೆ ಹೊರಟವರು ಲಾಸ್ ಏಂಜಲೀಸ್‌ನಲ್ಲಿ ಅದೇ ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಾರೆ. ಅಲ್ಲಿಂದ ಶನಿವಾರ ರಾತ್ರಿ ಹೊರಟು ಆಕ್ಲೆಂಡ್‌ಗೆ ಹೋಗುವವರು ಮುಟ್ಟುವುದು ಸೋಮವಾರ ಬೆಳಗ್ಗೆ. ನಡುವಿನ ಭಾನುವಾರ ಅವರ ಪಾಲಿಗೆ ಇರುವುದೇ ಇಲ್ಲ. ಆಕ್ಲೆಂಡ್‌ನಿಂದ ಮುಂದಕ್ಕೆ ಅಗ್ಗದ ಬಿಡಿ ಟಿಕೆಟ್ ಕೊಳ್ಳುವಾಗ ಆ ಭಾನುವಾರದ ದಿನಾಂಕ ಹಾಕಿಬಿಟ್ಟರೆ, ಹಣ ವಾಪಸ್ ಸಿಗದ ಟಿಕೆಟ್ಟಿಗೆ ದಿನರೇಖೆಯ ನೆಪ ನಡೆಯುವುದಿಲ್ಲ.

ಇತಿ,
ಓದುಗರೊಬ್ಬರು