ದಿನಕ್ಕೆ ಮೂರು ಸಾಲು

ಸಂಪಾದಕರೇ,

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಲ್ಲಿ ನಾನೂ ಒಬ್ಬಳು. ಹೋಗಲು ಸುಮಾರು 70 ಕಿ.ಮೀ., ಬರಲು ಮತ್ತಷ್ಟೇ. ಕಳೆದ ವರ್ಷ ಒಂದು ರಾತ್ರಿ ಮನೆ ತಲುಪಿದವಳು ಚಪ್ಪಲಿ ಬಿಚ್ಚಲೂ ಮನಸ್ಸಾಗದೆ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟೆ. ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಅದು ಬರ್ನ್‌ಔಟ್. ಕೆಲಸದ ಒತ್ತಡ ತುಂಬಾ ದಿನ ಹಾಗೇ ಉಳಿದರೆ ಬರುವ ಸ್ಥಿತಿ ಇದು, ಕಾಯಿಲೆ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಈಗ ರಾತ್ರಿ ಹಳೇ ಡೈರಿಯಲ್ಲಿ, ಆ ದಿನ ಖುಷಿ ಕೊಟ್ಟ ಸಂಗತಿಗಳ ಬಗ್ಗೆ ಮೂರು ಸಾಲು ಬರೆಯುತ್ತೇನೆ. ನಿನ್ನೆಯದು ಇಷ್ಟು: ಸೀಟು ಬಿಟ್ಟುಕೊಟ್ಟ ಹುಡುಗ, ಕ್ಯಾತ್ಸಂದ್ರದ ಬಿಸಿ ತಟ್ಟೆ ಇಡ್ಲಿ, ಅಮಾನಿಕೆರೆ ಕಡೆಯಿಂದ ಬೀಸಿದ ತಣ್ಣನೆ ಗಾಳಿ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲ್ಲೊ ನಡೆಸಿದ ಅಧ್ಯಯನದಲ್ಲೂ, ವಾರಕ್ಕೊಮ್ಮೆ ಹೀಗೆ ಬರೆದವರು ಕಿರಿಕಿರಿಗಳನ್ನೇ ಬರೆದವರಿಗಿಂತ ಬದುಕಿನ ಬಗ್ಗೆ ಜಾಸ್ತಿ ಸಮಾಧಾನದಿಂದ ಇದ್ದರು.

ಹಾಗಂತ ರಜೆ ಕೇಳಿದರೆ "ಖುಷಿಯಾಗಿರಿ" ಅಂತ ಬುದ್ಧಿ ಹೇಳುವ ಮೇಲಧಿಕಾರಿಗಳನ್ನು ನಾನು ಒಪ್ಪುವುದಿಲ್ಲ. ಕೆಲಸದ ಹೊರೆ ಇಳಿಸಬೇಕಾದವರು ಅವರೇ ಅಲ್ವಾ? ನಿದ್ದೆ ಬಾರದೆ, ಅಳು ನಿಲ್ಲದೆ ಒದ್ದಾಡುತ್ತಿರುವವರು ಡೈರಿ ಸಾಕು ಅಂತ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

– ಓದುಗರೊಬ್ಬರು, ತುಮಕೂರು