ಬಿಲ್‌ನಲ್ಲಿ ಇಜಿಆರ್ ಕ್ಲೀನಿಂಗ್, ಬಿಚ್ಚಿದರೆ ತಗಡಿನ ಪ್ಲೇಟು: ನನ್ನ ಪಿಕಪ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಕೇಂದ್ರ ಕಚೇರಿ, ಬೆಂಗಳೂರು

ವಿಷಯ: ನನ್ನನ್ನು ಕೇಳದೆ ನಿಮ್ಮ ಕೋಲಾರ ಶಾಖೆಯಲ್ಲಿ ನನ್ನ ಡೀಸೆಲ್ ಪಿಕಪ್‌ನ ಇಜಿಆರ್ (ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಬಂದ್ ಮಾಡಿರುವ ಬಗ್ಗೆ

ಮಾನ್ಯರೇ,

ಮುಳಬಾಗಿಲು ಕಡೆಯ ತೋಟಗಳಿಂದ ಕೋಲಾರ ಎಪಿಎಂಸಿಗೆ ನಾನು ಟೊಮೆಟೊ ಲೋಡ್ ಹೊಡೆಯುತ್ತೇನೆ. ಗಾಡಿ ನನ್ನದೇ, ಡ್ರೈವರೂ ನಾನೇ. ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ಪಿಕಪ್. ಸಾಲದ ಕಂತು ಇನ್ನೂ ನಡೆಯುತ್ತಿದೆ. ದುಡ್ಡು ಕೊಟ್ಟು ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ತಗೊಂಡಿದ್ದೆ. ನಿಮ್ಮ ಶಾಖೆಯವರು ಮಾಡಿದ ಕೆಲಸದಿಂದ ಆ ವಾರಂಟಿ ಈಗ ನನ್ನ ಕೈ ತಪ್ಪಿದೆ. ಅದಕ್ಕೇ ಈ ಪತ್ರ.

ಟೊಮೆಟೊ ಸೀಸನ್‌ನಲ್ಲಿ ಗಾಡಿಯಲ್ಲಿ ಚೆಕ್ ಎಂಜಿನ್ ಲೈಟ್ ಬಂತು. ಎಳೆತವೂ ಕಡಿಮೆಯಾಗಿತ್ತು. ಶೋರೂಮ್‌ನಲ್ಲಿ ಬೇಗ ಸ್ಲಾಟ್ ಸಿಗಲಿಲ್ಲ. ಹೈವೇ ಪಕ್ಕದಲ್ಲೇ ನಿಮ್ಮ ಶಾಖೆ ಇದೆ, ಎಲ್ಲಾ ಕಂಪನಿ ಗಾಡಿಗಳ ಸರ್ವಿಸ್ ಮಾಡುತ್ತೇವೆ ಅಂತ ದೊಡ್ಡ ಬೋರ್ಡೂ ಇದೆ. ಅಲ್ಲಿಗೆ ಹೋದೆ. ನಿಮ್ಮವರು ಸ್ಕ್ಯಾನರ್ ಹಾಕಿ, ಪಿ0401 ಕೋಡ್ ಬಂದಿದೆ, ಇಜಿಆರ್‌ನಲ್ಲಿ ಹೊಗೆ ಸರಿಯಾಗಿ ಹರಿಯುತ್ತಿಲ್ಲ, ವಾಲ್ವ್ ಕಟ್ಟಿಕೊಂಡಿದೆ, ಬಿಚ್ಚಿ ಕ್ಲೀನ್ ಮಾಡಬೇಕು ಅಂದರು. ಮಾಡಿ ಅಂದೆ. ಸಂಜೆ ಗಾಡಿ ಕೊಟ್ಟರು. ಲೈಟ್ ಆರಿತ್ತು. ಬಿಲ್‌ನಲ್ಲಿ ‘ಇಜಿಆರ್ ವಾಲ್ವ್ ಕ್ಲೀನಿಂಗ್’, ‘ಗ್ಯಾಸ್ಕೆಟ್’, ‘ಸ್ಕ್ಯಾನಿಂಗ್’ ಅಂತ ಬರೆದು ದುಡ್ಡು ತಗೊಂಡರು. ಬೇರೆ ಒಂದು ಮಾತೂ ಹೇಳಲಿಲ್ಲ.

ಆಮೇಲೆ ಗಾಡಿ ಚಿಮ್ಮಿಕೊಂಡು ಹೋಗುತ್ತಿತ್ತು. ಆದರೆ ಎಂಜಿನ್ ಸದ್ದು ಬದಲಾಗಿತ್ತು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನುವುದು ಜಾಸ್ತಿಯಾಗಿತ್ತು. ಕೊನೆಗೆ ಒಂದು ಇಂಜೆಕ್ಟರ್ ಕೈ ಕೊಟ್ಟಿತು. ವಾರಂಟಿ ಇದೆಯಲ್ಲ ಅಂತ ಶೋರೂಮ್‌ಗೆ ಬಿಟ್ಟೆ.

ಅಲ್ಲಿ ಅವರು ಸ್ಕ್ಯಾನರ್ ಹಾಕಿದ ಕೂಡಲೇ ನನ್ನನ್ನು ಒಳಗೆ ಕರೆದರು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ ಒಳಗಿನ ಸಾಫ್ಟ್‌ವೇರ್ ಕಂಪನಿಯದ್ದಲ್ಲ, ಯಾರೋ ಬದಲಾಯಿಸಿದ್ದಾರೆ ಅಂದರು. ನನ್ನ ಎದುರಿಗೇ ಎಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿದರು. ಐಡಲ್‌ನಲ್ಲೂ ಇಜಿಆರ್ ಸೊನ್ನೆ, 1,500 ಆರ್‌ಪಿಎಂನಲ್ಲೂ ಸೊನ್ನೆ, 2,000ದಲ್ಲೂ ಸೊನ್ನೆ. ಆಮೇಲೆ ವಾಲ್ವ್ ಬಿಚ್ಚಿದರು. ಪೈಪು ಮತ್ತು ವಾಲ್ವ್ ಸೇರುವ ಕಡೆ, ಗ್ಯಾಸ್ಕೆಟ್ ಇರಬೇಕಾದ ಜಾಗದಲ್ಲಿ ಹೊಗೆಯ ದಾರಿ ಮುಚ್ಚುವ ಒಂದು ತಗಡಿನ ಪ್ಲೇಟು. ಕತ್ತರಿಯಲ್ಲಿ ಕತ್ತರಿಸಿದ ಗುರುತು ಅಂಚಿನಲ್ಲಿ ಹಾಗೇ ಇತ್ತು. ಬೋಲ್ಟ್ ತೂತುಗಳು ಸೊಟ್ಟಗಿದ್ದವು. ಸುತ್ತಲೂ ಕೆಂಪು ಸಿಲಿಕಾನ್ ಪೇಸ್ಟ್ ಮೆತ್ತಿದ್ದರು. ನೀವು ದುಡ್ಡು ತಗೊಂಡ ಗ್ಯಾಸ್ಕೆಟ್ ಅಲ್ಲಿ ಇರಲೇ ಇಲ್ಲ. ವಾಲ್ವ್ ಒಳಗೆ ಮಸಿ ಗಟ್ಟಿಯಾಗಿ ಕೂತಿತ್ತು, ಅಂದರೆ ಕ್ಲೀನಿಂಗ್ ಕೂಡ ಆಗಿರಲಿಲ್ಲ.

ಶೋರೂಮ್‌ನವರು ಜಾಬ್ ಕಾರ್ಡ್‌ನಲ್ಲಿ ‘ಎಂಜಿನ್ ಸಾಫ್ಟ್‌ವೇರ್ ಮತ್ತು ಇಜಿಆರ್ ಮಾರ್ಪಾಡು ಆಗಿದೆ, ವಾರಂಟಿ ಅನ್ವಯಿಸುವುದಿಲ್ಲ’ ಅಂತ ಬರೆದು ಸೀಲ್ ಹಾಕಿ ಕೊಟ್ಟರು. ಇಂಜೆಕ್ಟರ್ ಖರ್ಚು ನನ್ನ ತಲೆಗೇ ಬಂತು. ಗಾಡಿ ಈಗ ಮನೆ ಮುಂದೆ ನಿಂತಿದೆ. ತೋಟದವರು ಬೇರೆ ಗಾಡಿ ಹುಡುಕಿಕೊಂಡಿದ್ದಾರೆ. ಹಣ್ಣು ಕೊಯ್ದ ಮೇಲೆ ನನಗೋಸ್ಕರ ಅವರು ಕಾಯೋಕಾಗಲ್ಲ ಅಲ್ವಾ?

ನಿಮ್ಮ ಶಾಖೆಗೆ ಫೋನ್ ಮಾಡಿ ಕೇಳಿದೆ. ಸೂಪರ್‌ವೈಸರ್ ಅದನ್ನು ಅಲ್ಲಗಳೆಯಲಿಲ್ಲ. “ಎಲ್ಲಾ ಗಾಡಿಗೂ ಹೀಗೇ ಮಾಡೋದು ಅಣ್ಣ. ಇಜಿಆರ್ ಇದ್ರೆ ಪದೇ ಪದೇ ಕಟ್ಕೊಳ್ಳುತ್ತೆ. ಬಂದ್ ಮಾಡಿದ್ರೆ ಎಂಜಿನ್ ಕ್ಲೀನಾಗಿರುತ್ತೆ, ಮೈಲೇಜ್ ಬರುತ್ತೆ, ಪಿಕಪ್ ಬರುತ್ತೆ. ಎಮಿಷನ್ ಟೆಸ್ಟಲ್ಲೂ ಪಾಸಾಗುತ್ತೆ, ಏನೂ ತೊಂದ್ರೆ ಇಲ್ಲ” ಅಂದರು. ಈ ಮಾತು ನನ್ನನ್ನು ತುಂಬಾ ನೋಯಿಸಿತು. ಒಬ್ಬ ಹುಡುಗ ಕೈತಪ್ಪಿ ಮಾಡಿದ ಕೆಲಸ ಇದಲ್ಲ, ನಿಮ್ಮ ಶಾಖೆಯ ಪದ್ಧತಿಯೇ ಇದು ಅಂತ ಆಯ್ತು. ಹಾಗಾಗಿ ಅವರ ಮಾತಿಗೆ ಇಲ್ಲೇ ಉತ್ತರ ಬರೆಯುತ್ತೇನೆ.

ಇಜಿಆರ್ ಕಟ್ಟಿಕೊಳ್ಳುವುದು ನಿಜ. ಸೈಲೆನ್ಸರ್‌ಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ಅದು ವಾಪಸ್ ಎಂಜಿನ್‌ಗೆ ಕಳಿಸುತ್ತದೆ. ಆ ಮಸಿ, ಕ್ರ್ಯಾಂಕ್‌ಕೇಸ್‌ನಿಂದ ಬರುವ ಆಯಿಲ್ ಆವಿ ಎರಡೂ ಸೇರಿ ಡಾಂಬರಿನ ಹಾಗೆ ಮ್ಯಾನಿಫೋಲ್ಡ್‌ನಲ್ಲಿ ಅಂಟಿಕೊಳ್ಳುತ್ತವೆ. ನನ್ನಂಥವರ ಗಾಡಿಯಲ್ಲಿ ಇನ್ನೂ ಜಾಸ್ತಿ. ಮಂಡಿ ಕ್ಯೂನಲ್ಲಿ ಐಡಲ್‌ನಲ್ಲೇ ನಿಲ್ಲಬೇಕು, ತೋಟದ ದಾರಿಯಲ್ಲಿ ಒಂದು, ಎರಡನೇ ಗೇರ್‌ನಲ್ಲೇ ಎಳೆಯಬೇಕು. ಇದಕ್ಕೆ ದಾರಿ ಇದೆ. ವಾಲ್ವ್ ಬಿಚ್ಚಿ ಮಸಿ ಕೆರೆದು ತೊಳೆಯಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು, ಸ್ಕ್ಯಾನರ್‌ನಲ್ಲಿ ವಾಲ್ವ್‌ನ ಅಡಾಪ್ಟೇಷನ್ (ಕಂಪ್ಯೂಟರ್‌ಗೆ ಮತ್ತೆ ಹೊಂದಿಸುವುದು) ಮಾಡಬೇಕು. ಮಸಿ ಅತಿಯಾಗಿ ಬರುತ್ತಿದ್ದರೆ ಯಾಕೆ ಬರುತ್ತಿದೆ ಅಂತ ಹುಡುಕಬೇಕು. ಏರ್ ಫಿಲ್ಟರ್ ಕಟ್ಟಿದೆಯಾ, ಟರ್ಬೊ ಹೋಸ್ ಸೀಳಿದೆಯಾ, ಇಂಜೆಕ್ಟರ್ ಸೋರುತ್ತಿದೆಯಾ ನೋಡಬೇಕು. ಹಾಗೆ ನೋಡಿದ್ದರೆ ನನ್ನ ಇಂಜೆಕ್ಟರ್ ಸಮಸ್ಯೆ ಆಗಲೇ ಗೊತ್ತಾಗುತ್ತಿತ್ತೇನೋ. ಆಗ ವಾರಂಟಿ ಕೂಡ ಇತ್ತು. ಕೆಟ್ಟಿದೆ ಅಂತ ತೋರಿಸುವ ಲೈಟನ್ನೇ ಆರಿಸಿ ಕಳಿಸುವುದು ರಿಪೇರಿ ಅಲ್ಲ.

ಪಿಕಪ್ ಜಾಸ್ತಿ ಬರುತ್ತೆ ಅನ್ನುವ ಮಾತು ಇನ್ನೊಂದು. ನಾನು ಶೋರೂಮ್‌ನಲ್ಲಿ ಕೇಳಿ ತಿಳಿದುಕೊಂಡೆ. ಪೂರ್ತಿ ಲೋಡ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಜಿಆರ್ ವಾಲ್ವ್ ಹೆಚ್ಚುಕಮ್ಮಿ ತಾನಾಗೇ ಮುಚ್ಚಿಕೊಂಡಿರುತ್ತದೆ, ಯಾಕೆಂದರೆ ಆಗ ಎಂಜಿನ್‌ಗೆ ಗಾಳಿ ಬೇಕು. ಹಾಗಿದ್ದ ಮೇಲೆ ಲೋಡ್ ಇಟ್ಟುಕೊಂಡು ಏರು ಹತ್ತುವಾಗ ನನ್ನ ಗಾಡಿಗೆ ಎಲ್ಲಿಂದ ಶಕ್ತಿ ಬಂತು? ನೀವು ಹಾಕಿದ ಸಾಫ್ಟ್‌ವೇರ್ ಫೈಲ್‌ನಲ್ಲಿ ಡೀಸೆಲ್ ಅಳತೆಯನ್ನೋ ಟರ್ಬೊ ಒತ್ತಡವನ್ನೋ ಏರಿಸಿದ್ದೀರಾ? ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್‌ನ ಕೆಲಸವನ್ನೂ ನಿಲ್ಲಿಸಿದ್ದೀರಾ? ಇಂಜೆಕ್ಟರ್ ಹೋಗಲು ಅದೇ ಕಾರಣವಾ? ನನಗೆ ಇವಕ್ಕೆ ಉತ್ತರ ಬೇಕು. ಆ ಫೈಲ್ ಯಾರು ಮಾಡಿದ್ದು, ಎಲ್ಲಿಂದ ತಂದಿದ್ದು ಅಂತಲೂ ಹೇಳಬೇಕು.

ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗುತ್ತೆ ಅಂದರಲ್ಲ, ಆ ಮಾತೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಹೌದು, ಪಾಸಾಗುತ್ತೆ. ಆ ಟೆಸ್ಟ್‌ನಲ್ಲಿ ಡೀಸೆಲ್ ಗಾಡಿಯ ಆಕ್ಸಿಲರೇಟರ್ ಜೋರಾಗಿ ಒತ್ತಿ ಹೊಗೆ ಎಷ್ಟು ದಟ್ಟವಾಗಿದೆ ಅಂತ ಮಾತ್ರ ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಇಜಿಆರ್ ಇರುವುದೇ ಆ ಅನಿಲವನ್ನು ತಗ್ಗಿಸೋಕೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಪರ್ಸೆಂಟ್ ನೈಟ್ರೋಜನ್ ಇರುತ್ತದೆ. ಸಿಲಿಂಡರ್ ಒಳಗೆ ಬಿಸಿ ಅತಿಯಾದಾಗ ಅದು ಆಮ್ಲಜನಕದ ಜೊತೆ ಸೇರಿಕೊಳ್ಳುತ್ತದೆ. ಸುಟ್ಟ ಹೊಗೆಯನ್ನು ಸ್ವಲ್ಪ ವಾಪಸ್ ಬಿಟ್ಟರೆ ಆಮ್ಲಜನಕ ಕಡಿಮೆಯಾಗುತ್ತದೆ, ಬಿಸಿ ಇಳಿಯುತ್ತದೆ, ಆ ಅನಿಲ ಹುಟ್ಟುವುದೂ ಕಡಿಮೆಯಾಗುತ್ತದೆ. ಇಜಿಆರ್ ಮುಚ್ಚಿದರೆ ಕಣ್ಣಿಗೆ ಕಾಣುವ ಕಪ್ಪು ಹೊಗೆ ಕಡಿಮೆಯೂ ಆಗಬಹುದು. ಕಣ್ಣಿಗೆ ಕಾಣದ್ದು ಜಾಸ್ತಿಯಾಗುತ್ತದೆ. ಸರ್ಟಿಫಿಕೇಟ್ ಸಿಕ್ಕ ಮಾತ್ರಕ್ಕೆ ಗಾಡಿ ಸರಿ ಇದೆ ಅಂತಲ್ಲ, ಮತ್ತು ಇದು ನಿಮ್ಮ ಸೂಪರ್‌ವೈಸರ್‌ಗೆ ಚೆನ್ನಾಗಿ ಗೊತ್ತಿದೆ.

2020ರ ಏಪ್ರಿಲ್ 1ರಿಂದ ದೇಶ ಬಿಎಸ್4 ಬಿಟ್ಟು ನೇರ ಬಿಎಸ್6ಗೆ ಬಂತು. ನನ್ನ ಗಾಡಿಯಂಥ ಭಾರದ ಹಗುರ ಸರಕು ಡೀಸೆಲ್ ಗಾಡಿಗಳಿಗೆ ಮೊದಲು ಕಿಲೋಮೀಟರಿಗೆ 390 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಲು ಅವಕಾಶ ಇತ್ತು. ಬಿಎಸ್6ರಲ್ಲಿ ಅದು 125ಕ್ಕೆ ಇಳಿಯಿತು. ಅದರ ಜೊತೆಗೆ ಗಾಡಿ ರೇಟೂ ಏರಿತು. ಆ ಜಾಸ್ತಿ ದುಡ್ಡು ಕೊಟ್ಟವನು ನಾನು, ಈಗಲೂ ಬಡ್ಡಿ ಸಮೇತ ಕಟ್ಟುತ್ತಿದ್ದೇನೆ. ಅದನ್ನು ಒಂದು ತಗಡಿನ ತುಂಡಿನಿಂದ ವ್ಯರ್ಥ ಮಾಡುವ ಹಕ್ಕು ನಿಮಗೆ ಯಾರು ಕೊಟ್ಟರು?

ಮಂಡಿಯಲ್ಲಿ ರಾತ್ರಿ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಹಮಾಲಿಗಳು ಬಾಕ್ಸ್ ಹೊತ್ತು ಸೈಲೆನ್ಸರ್ ಪಕ್ಕದಲ್ಲೇ ಓಡಾಡುತ್ತಾರೆ. ಹಣ್ಣು ಆರಿಸುವ ಹೆಂಗಸರು ಅಲ್ಲೇ ಕೂತಿರುತ್ತಾರೆ, ಕೆಲವರ ಜೊತೆ ಮಕ್ಕಳೂ ಇರುತ್ತವೆ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಇದ್ದವರಿಗೆ ಜಾಸ್ತಿ ಮಾಡುತ್ತದೆ. ಬಿಸಿಲಿನಲ್ಲಿ ಓಝೋನ್ ಆಗೋದಕ್ಕೂ ಈ ಅನಿಲಗಳೇ ಕಾರಣ. ನನ್ನ ಲೋಡ್ ಇಳಿಸುವವರ ಮುಖ ನನಗೆ ಗೊತ್ತು, ಅವರ ಹೆಸರು ಗೊತ್ತು. ನನಗೆ ಗೊತ್ತಿಲ್ಲದೆ ನನ್ನ ಗಾಡಿಯಿಂದ ಅವರಿಗೆ ಇದನ್ನು ಕುಡಿಸಿದಿರಿ. ನನಗೆ ಇಂಜೆಕ್ಟರ್ ದುಡ್ಡಿಗಿಂತ ಇದು ಹೆಚ್ಚು ಸಂಕಟದ ವಿಷಯ.

ಕಾನೂನಿನ ಮಾತಿಗೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್‌ನ 4ನೇ ಉಪವಿಭಾಗದ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 190ನೇ ಸೆಕ್ಷನ್‌ನ 2ನೇ ಉಪವಿಭಾಗದಲ್ಲಿ ವಾಯುಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ ಅಂತ ಇದೆ. ಡ್ರೈವಿಂಗ್ ಲೈಸೆನ್ಸ್ ಹೋದರೆ ನನ್ನ ಮನೆ ಒಲೆ ಆರುತ್ತದೆ. ಪ್ಲೇಟ್ ಹಾಕಿದವರು ನೀವು. ರಸ್ತೆಯಲ್ಲಿ ಅಡ್ಡ ಹಾಕಿದರೆ ಸಿಕ್ಕಿಬೀಳುವವನು ನಾನು. ‘ನನಗೆ ಗೊತ್ತಿರಲಿಲ್ಲ ಸಾರ್’ ಅಂದರೆ ಯಾರು ನಂಬುತ್ತಾರೆ? ನನ್ನ ಕೈಲಿರುವ ನಿಮ್ಮ ಬಿಲ್ಲೇ ಕ್ಲೀನಿಂಗ್ ಅಂತ ಸುಳ್ಳು ಹೇಳುತ್ತಿದೆ.

ಹಾಗಾಗಿ ನನಗೆ ಮೊದಲು ಬೇಕಿರುವುದು ನಿಮ್ಮ ಲೆಟರ್‌ಹೆಡ್‌ನಲ್ಲಿ, ಸಹಿ ಸೀಲ್ ಜೊತೆ ಒಂದು ಪತ್ರ. ಈ ಗಾಡಿಗೆ ಪ್ಲೇಟ್ ಹಾಕಿದ್ದು, ಸಾಫ್ಟ್‌ವೇರ್ ಬದಲಾಯಿಸಿದ್ದು ನಮ್ಮ ಶಾಖೆ, ಮಾಲೀಕರಿಗೆ ತಿಳಿಸಿರಲಿಲ್ಲ, ಅವರ ಒಪ್ಪಿಗೆ ಪಡೆದಿರಲಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಬೇರೆ ಯಾವುದಕ್ಕೆ ತಡವಾದರೂ ಇದಕ್ಕೆ ತಡ ಆಗಬಾರದು.

ಗಾಡಿಯನ್ನು ಮೊದಲಿನ ಸ್ಥಿತಿಗೆ ತರುವ ಖರ್ಚೂ ನಿಮ್ಮದೇ. ಕಂಪನಿಯ ಒರಿಜಿನಲ್ ಸಾಫ್ಟ್‌ವೇರ್, ಹೊಸ ಇಜಿಆರ್ ವಾಲ್ವ್, ಗ್ಯಾಸ್ಕೆಟ್, ಕೂಲರ್ ಚೆಕ್, ಡಿಪಿಎಫ್ ಚೆಕ್, ಎಲ್ಲವೂ ಶೋರೂಮ್‌ನಲ್ಲೇ ಆಗಬೇಕು. ನಿಮ್ಮ ಶಾಖೆಯವರು ಇನ್ನು ನನ್ನ ಗಾಡಿ ಮುಟ್ಟುವುದು ಬೇಡ. ವಾರಂಟಿಯಲ್ಲಿ ಆಗಬೇಕಿದ್ದ ಇಂಜೆಕ್ಟರ್ ಕೆಲಸದ ದುಡ್ಡು, ಮಾಡದ ಕ್ಲೀನಿಂಗ್‌ಗೆ ತಗೊಂಡ ದುಡ್ಡು, ಗಾಡಿ ನಿಂತಿರುವ ದಿನಗಳ ಬಾಡಿಗೆ ನಷ್ಟ ಇವನ್ನೂ ಕೊಡಬೇಕು. ಬಾಡಿಗೆಗೆ ಮಂಡಿ ರಸೀದಿಗಳಿವೆ. ಶೋರೂಮ್‌ನವರು ಕೊಟ್ಟ ಎಸ್ಟಿಮೇಟ್ ಕೂಡ ಲಗತ್ತಿಸಿದ್ದೇನೆ. ವಾರಂಟಿ ಮತ್ತೆ ಜಾರಿ ಮಾಡಿಸಲು ಗಾಡಿ ಕಂಪನಿಗೆ ನೀವೇ ಬರೆಯಬೇಕು. ಅವರು ಒಪ್ಪದಿದ್ದರೆ ಉಳಿದ ಅವಧಿಯ ವಾರಂಟಿಯ ಬೆಲೆ ತುಂಬಿಕೊಡಬೇಕು.

ಇನ್ನೊಂದು ವಿಷಯ. ‘ಎಲ್ಲಾ ಗಾಡಿಗೂ ಹೀಗೇ ಮಾಡೋದು’ ಅಂದರಲ್ಲ, ಆ ಎಲ್ಲಾ ಗಾಡಿಗಳ ಮಾಲೀಕರಿಗೆ ಫೋನ್ ಮಾಡಿ ಹೇಳಿ. ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲರ ನಂಬರೂ ಇದೆ, ಆಫರ್ ಇದ್ದಾಗ ತಪ್ಪದೆ ಮೆಸೇಜ್ ಕಳಿಸುತ್ತೀರಿ. ನನ್ನ ಹಾಗೆ ಹಾಲು, ತರಕಾರಿ, ಕಲ್ಲು, ಇಟ್ಟಿಗೆ ಹೊಡೆಯುವವರು ಅವರು. ತಮ್ಮ ಗಾಡಿಯಲ್ಲಿ ಏನಿದೆ ಅಂತ ತಿಳಿಯುವ ಹಕ್ಕು ಅವರಿಗೂ ಇದೆ. ಉಚಿತವಾಗಿ ಕರೆಸಿ ಸರಿ ಮಾಡಿಕೊಡಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗಾಡಿ ಬಾಡಿಗೆಗೆ ಓಡುತ್ತೆ, ಅವನು ಗ್ರಾಹಕನೇ ಅಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನನ್ನು ಗ್ರಾಹಕ ಅಂತಲೇ ಪರಿಗಣಿಸುತ್ತಾರೆ. ನಾನು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಲೂ ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಪ್ರಾದೇಶಿಕ ಸಾರಿಗೆ ಕಚೇರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಈ ಪತ್ರದ ಪ್ರತಿ ಕಳಿಸುತ್ತೇನೆ.

ನಿಮ್ಮ ಬಿಲ್, ಶೋರೂಮ್‌ನ ಜಾಬ್ ಕಾರ್ಡ್ ಮತ್ತು ಎಸ್ಟಿಮೇಟ್, ಸ್ಕ್ಯಾನರ್ ರಿಪೋರ್ಟ್, ಬಿಚ್ಚುವಾಗ ತೆಗೆದ ಫೋಟೋಗಳು, ಮಂಡಿ ರಸೀದಿಗಳು ಇವುಗಳ ಪ್ರತಿ ಇದರ ಜೊತೆಗಿವೆ. ಪ್ಲೇಟನ್ನು ಶೋರೂಮ್‌ನವರು ತೆಗೆದು ನನ್ನ ಕೈಗೆ ಕೊಟ್ಟಿದ್ದಾರೆ. ಅದನ್ನು ನಿಮಗೆ ಕಳಿಸುತ್ತಿಲ್ಲ, ಬೇಕಾದರೆ ಆಯೋಗದ ಮುಂದೆ ಇಡುತ್ತೇನೆ. ನಿಮ್ಮ ಕಡೆಯಿಂದ ಯಾರಾದರೂ ಗಾಡಿ ನೋಡಲು ಬರುವುದಿದ್ದರೆ ಮುಂಚೆಯೇ ತಿಳಿಸಿ ಬನ್ನಿ. ಶೋರೂಮ್‌ನ ಸರ್ವಿಸ್ ಅಡ್ವೈಸರ್ ಇರುವಾಗಲೇ ತೋರಿಸುತ್ತೇನೆ.

ಇಂತಿ,
ವಾಹನದ ಮಾಲೀಕ ಮತ್ತು ಚಾಲಕ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ