ಶನಿವಾರ ರಾತ್ರಿಯ ಕಪಾಟಿಗೆ ನಿಮ್ಮದೊಂದು ಕಾಣಿಕೆ

ಕರ್ತನಲ್ಲಿ ಪ್ರಿಯರೇ, ವಂದನೆಗಳು.

ಸುತ್ತು ಬಳಸದೆ ಹೇಳುತ್ತೇನೆ. ಸಭಾಪಾಲಕರಿಗೆ (ಪಾಸ್ಟರ್‌ಗಳಿಗೆ) ಪುಸ್ತಕ ಕೊಡಿಸುವ ನಮ್ಮ ಟ್ರಸ್ಟಿಗೆ ದುಡ್ಡು ಬೇಕಾಗಿದೆ. ಚರ್ಚಿನ ಗೋಪುರಕ್ಕಲ್ಲ, ಹೊಸ ಮೈಕ್ ಸೆಟ್ಟಿಗಲ್ಲ, ಸುಣ್ಣ ಬಣ್ಣಕ್ಕೂ ಅಲ್ಲ. ಸಭಾಪಾಲಕರ ಮನೆಯಲ್ಲಿರುವ ಪುಸ್ತಕದ ಕಪಾಟಿಗೆ.

ಕಪಾಟಿಗೆ ಅಂತ ದೇಣಿಗೆ ಕೇಳುವುದು ಕಷ್ಟ. ಬೆಂಚು ಕೊಟ್ಟರೆ ಅದರ ಬೆನ್ನಿಗೆ ಹೆಸರು ಬರೆಸಬಹುದು. ಗಂಟೆ ಕೊಟ್ಟರೆ ಊರಿಗೆಲ್ಲ ಕೇಳಿಸುತ್ತದೆ. ಪಾಸ್ಟರ್ ಒಬ್ಬರೇ ಕೂತು ಓದುವ ಪುಸ್ತಕ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾವೆಲ್ಲ ಕೂತು ಕೇಳುವುದು ಆ ಕಪಾಟಿನ ಮುಂದೆ ಕಳೆದ ಹೊತ್ತಿನಿಂದ ಹುಟ್ಟಿದ್ದನ್ನೇ ಅಲ್ವಾ?

ಇದು ನನಗೆ ತಲೆಗೆ ಹತ್ತಿದ್ದು ಹೇಗೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಸಭಾಪಾಲಕರು ಇದ್ದಕ್ಕಿದ್ದಂತೆ ಜ್ವರ ಬಂದು ಮಲಗಿದರು. ನಾನು ಲೇ ರೀಡರ್, ಅಂದರೆ ಪಾದ್ರಿಯಲ್ಲದಿದ್ದರೂ ಆರಾಧನೆ ನಡೆಸಲು ಅನುಮತಿ ಇರುವವನು. ಶನಿವಾರ ಸಂಜೆ ಫೋನ್ ಬಂತು, ನಾಳೆ ಪ್ರಸಂಗ (ಆರಾಧನೆಯ ಉಪದೇಶ) ನೀನೇ ಮಾಡಪ್ಪಾ ಅಂತ. ಪಾಠ ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ. ನನ್ನ ಹತ್ತಿರ ಇದ್ದದ್ದು ಒಂದು ಸತ್ಯವೇದ (ಬೈಬಲ್), ಜೊತೆಗೆ ಯಾರೋ ಜೆರಾಕ್ಸ್ ಮಾಡಿ ಕೊಟ್ಟಿದ್ದ ಒಂದು ವ್ಯಾಖ್ಯಾನ. ಅದರಲ್ಲಿ ನಡುವೆ ನಾಲ್ಕು ಪುಟ ಇಲ್ಲ. 25ನೇ ವಚನದ ವಿವರಣೆ ಶುರುವಾಗುತ್ತದೆ, ಪುಟ ಮುಗಿಯುತ್ತದೆ, ತಿರುಗಿಸಿದರೆ ಆಗಲೇ 4ನೇ ಅಧ್ಯಾಯದ ಅಬ್ರಹಾಮ ಬಂದು ನಿಂತಿದ್ದಾನೆ! ಶಿಲುಬೆಯ ಬಗ್ಗೆ ಹೇಳಬೇಕಾಗಿದ್ದ ಮುಖ್ಯ ಮಾತೆಲ್ಲ ಆ ನಾಲ್ಕು ಪುಟದಲ್ಲೇ ಹೋಗಿತ್ತು. ಕೊನೆಗೆ ಯಾರದೋ ಪ್ರಸಂಗ ಒಂದನ್ನು ಹುಡುಕಿಕೊಂಡೆ, ಬೆಳಿಗ್ಗೆ ನಿಂತು ಓದಿದೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ಅಜ್ಜಿ ಕೈ ಹಿಡಿದುಕೊಂಡು, "ಚೆನ್ನಾಗಿ ಓದಿದೆ ಮಗಾ" ಅಂದರು.

ಚೆನ್ನಾಗಿ ಹೇಳಿದೆ ಅನ್ನಲಿಲ್ಲ.

ಹೀಗೆ ಓದುವುದೇನೂ ಹೊಸದಲ್ಲ ಬಿಡಿ. 1547ರ ಇಂಗ್ಲೆಂಡಿನಲ್ಲಿ ಪ್ರಸಂಗ ಮಾಡಲು ಬರುವ ಪಾದ್ರಿಗಳೇ ಕಡಿಮೆ ಇದ್ದರು. ಆಗ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ 12 ಪ್ರಸಂಗಗಳ ಒಂದು ಪುಸ್ತಕ ಹೊರತಂದರು. ಕೆಲವನ್ನು ತಾವೇ ಬರೆದಿದ್ದರು. ಚರ್ಚುಗಳಲ್ಲಿ ಅದನ್ನೇ ಜೋರಾಗಿ ಓದಿ ಅಂತ ಆಜ್ಞೆಯಾಯಿತು. ಎರಡು ವರ್ಷಕ್ಕೆ, 1549ರಲ್ಲಿ, ಜನ ಆಡುವ ಮಾತಿನಲ್ಲೇ ಪ್ರಾರ್ಥನಾ ಪುಸ್ತಕ ಬಂತು. ಅದು ಹಾಕಿಕೊಟ್ಟ ಲೆಕ್ಕದಂತೆ ದಿನಾ ಓದಿದರೆ ಕೀರ್ತನೆಗಳು ತಿಂಗಳಿಗೊಮ್ಮೆ ಮುಗಿಯುತ್ತವೆ, ಹಳೇ ಒಡಂಬಡಿಕೆಯ ಬಹುಪಾಲು ವರ್ಷಕ್ಕೊಮ್ಮೆ. ಆಮೇಲೆ 1571ರಲ್ಲಿ ಈಗಿನ ರೂಪಕ್ಕೆ ಬಂದ, ಇಂಗ್ಲೆಂಡ್ ಚರ್ಚಿನ ನಂಬಿಕೆಗಳನ್ನು ಹೇಳುವ 39 ಕಲಮುಗಳಲ್ಲಿ 24ನೆಯದು, ಜನರಿಗೆ ಅರ್ಥವಾಗದ ಭಾಷೆಯಲ್ಲಿ ಪ್ರಾರ್ಥನೆ ನಡೆಸುವುದು ದೇವರ ವಾಕ್ಯಕ್ಕೇ ವಿರುದ್ಧ ಅಂತ ಖಡಾಖಂಡಿತವಾಗಿ ಹೇಳುತ್ತದೆ. ಪ್ರಾರ್ಥನೆಗೆ ಈ ಮಾತು ಸರಿಯಾದರೆ, ಪ್ರಸಂಗದ ತಯಾರಿಗೆ ಯಾಕೆ ಆಗಬಾರದು? ಒಳ್ಳೆಯ ವ್ಯಾಖ್ಯಾನಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಓದಿ, ತಮ್ಮ ಮಾತಿನಲ್ಲಿ ಯೋಚಿಸಿ, ಸಭೆಯ ಮಾತಿನಲ್ಲಿ ಹೇಳುವಷ್ಟರಲ್ಲಿ ಎಷ್ಟೋ ಸೋರಿಹೋಗುತ್ತದೆ.

ಇನ್ನೊಬ್ಬರ ಪ್ರಸಂಗ ಓದುವುದು ಮೊದಲ ಮೆಟ್ಟಿಲು. ಅಲ್ಲೇ ಕೂರಬಾರದು. ಈ ಮಾತಿಗೆ ನನಗೆ ಯಾವಾಗಲೂ ನೆನಪಾಗುವುದು ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಸಿಮಿಯನ್. 1782ರಲ್ಲಿ ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ಚರ್ಚಿಗೆ ಬಂದಾಗ ಅವರಿಗೆ 23 ವರ್ಷ. ಸಭೆಯವರಿಗೆ ಅವರು ಬೇಡವಾಗಿತ್ತು. ಆ ಕಾಲದಲ್ಲಿ ಚರ್ಚಿನ ಆಸನಗಳಿಗೆ ಬಾಗಿಲು, ಬೀಗ ಇರುತ್ತಿದ್ದವು. ಆಸನದ ಒಡೆಯರು ಬೀಗ ಹಾಕಿಕೊಂಡು ಮನೆಯಲ್ಲೇ ಉಳಿದರು. ಕೇಳಲು ಬಂದ ಬಡಜನ ನಿಂತೇ ಇರಬೇಕಾಯಿತು. ಸಿಮಿಯನ್ ಸ್ವಂತ ಖರ್ಚಿನಲ್ಲಿ ಬೆಂಚು ತರಿಸಿ ನಡುವಿನ ದಾರಿಯಲ್ಲಿ ಹಾಕಿಸಿದರೆ, ಚರ್ಚಿನ ಉಸ್ತುವಾರಿ ನೋಡುವ ವಾರ್ಡನ್‌ಗಳು ಅವನ್ನೂ ಎತ್ತಿ ಹೊರಗೆ ಬಿಸಾಡಿದರು. ಆದರೂ ಆ ಮನುಷ್ಯ 1836ರಲ್ಲಿ ತೀರಿಕೊಳ್ಳುವ ತನಕ, 54 ವರ್ಷ, ಅದೇ ಚರ್ಚಿನಲ್ಲಿ ಇದ್ದರು. ನಮ್ಮಲ್ಲಿ ಕೆಲವರಿಗೆ ಒಂದು ಕಮಿಟಿ ಮೀಟಿಂಗ್ ಕೆಟ್ಟರೆ ಸಾಕು, ಸಭೆ ಬದಲಾಯಿಸುವ ಯೋಚನೆ ಬರುತ್ತದೆ. ನಾನೂ ಅದಕ್ಕೆ ಹೊರತಲ್ಲ.

ಆದರೆ ನನಗೆ ಬೆಂಚಿನ ಕಥೆಗಿಂತ ಜಾಸ್ತಿ ಇಷ್ಟ ಅವರ ಕೋಣೆಯ ಕಥೆ. ಸಭಾಪಾಲಕರಾಗಲು ಹೊರಟ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಒಂದು ವಾಕ್ಯಭಾಗದಿಂದ ಪ್ರಸಂಗ ಕಟ್ಟುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಆ ಕಾಲದಲ್ಲಿ ಅದನ್ನು ಕಲಿಸುವವರೇ ಕಡಿಮೆ ಇದ್ದರು. ಆಮೇಲೆ ಆದಿಕಾಂಡದಿಂದ ಪ್ರಕಟನೆಯ ತನಕ 2536 ಪ್ರಸಂಗಗಳ ಹಂದರವನ್ನು 21 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಪೂರ್ತಿ ಪ್ರಸಂಗ ಅಲ್ಲ, ಹಂದರ ಮಾತ್ರ. ಬಳ್ಳಿಯನ್ನು ನೀನೇ ಹಬ್ಬಿಸಿಕೋ ಅನ್ನುವ ಹಾಗೆ. ಪ್ರಸಂಗ ಹೇಗಿದೆ ಅಂತ ನೋಡಲು ಅವರ ಹತ್ತಿರ ಮೂರೇ ಪ್ರಶ್ನೆ: ಇದು ಪಾಪಿಯನ್ನು ತಗ್ಗಿಸುತ್ತದೆಯೇ, ರಕ್ಷಕನನ್ನು ಎತ್ತಿಹಿಡಿಯುತ್ತದೆಯೇ, ಪವಿತ್ರವಾಗಿ ಬಾಳಲು ಕರೆಯುತ್ತದೆಯೇ?

ನಮ್ಮ ಟ್ರಸ್ಟ್ ಮಾಡುತ್ತಿರುವುದು ಇದನ್ನೇ, ಬಹಳ ಚಿಕ್ಕ ಅಳತೆಯಲ್ಲಿ. ಆರೇಳು ಸಭಾಪಾಲಕರು ತಿಂಗಳಿಗೊಮ್ಮೆ ಸೇರುತ್ತಾರೆ. ಮುಂದಿನ ಪಾಠವನ್ನು ಜೊತೆಯಲ್ಲಿ ಓದುತ್ತಾರೆ. ಒಬ್ಬರು ಪ್ರಸಂಗ ಹೇಳುತ್ತಾರೆ, ಉಳಿದವರು ಆ ಮೂರು ಪ್ರಶ್ನೆ ಕೇಳುತ್ತಾರೆ. ಮೊದಲ ಎರಡು ಸಲ ಎಲ್ಲರೂ "ಚೆನ್ನಾಗಿತ್ತು, ಚೆನ್ನಾಗಿತ್ತು" ಅಂತ ಸುಮ್ನೆ ಹೊಗಳಿದರು. ಮೂರನೇ ಸಲ ಹಿರಿಯರೊಬ್ಬರು, "ಯೇಸುವಿನ ಹೆಸರು ಕೊನೇ ಪ್ರಾರ್ಥನೆಯಲ್ಲಿ ಬಿಟ್ಟರೆ ಬೇರೆಲ್ಲೂ ಬರಲಿಲ್ಲವಲ್ಲ" ಅಂದರು. ಕೋಣೆಯಲ್ಲಿ ಉಸಿರೇ ಇಲ್ಲ. ನಿಜವಾದ ಕೆಲಸ ಶುರುವಾಗಿದ್ದು ಆವತ್ತು. ಸೇರಿದವರಿಗೆ ಪುಸ್ತಕದ ಒಂದು ಚಿಕ್ಕ ಕಟ್ಟು ಕೊಡುತ್ತೇವೆ. ಯಾವ ಪುಸ್ತಕ ಅಂತ ಅವರನ್ನೇ ಕೇಳಿ ಕೊಡುತ್ತೇವೆ.

ಇದರ ಜೊತೆಗೆ ಹಾಳೆಗಳನ್ನು ಬರೆಸುತ್ತೇವೆ. ದೀಕ್ಷಾಸ್ನಾನಕ್ಕೆ ಮಗುವನ್ನು ತರುವ ತಂದೆತಾಯಿಯ ಜೊತೆ ಏನು ಮಾತಾಡಬೇಕು, ಮದುವೆಗೆ ಮುಂಚೆ ಜೋಡಿಯ ಜೊತೆ ಕೂತು ಏನೇನು ಕೇಳಬೇಕು, ಇಂಥವು. ಎಲ್ಲಕ್ಕಿಂತ ಜಾಸ್ತಿ ಜನ ಕೇಳಿದ್ದು ಒಂದೇ ಹಾಳೆಯನ್ನು, ಮಗುವಿನ ಸಮಾಧಿ ಆರಾಧನೆಯದು. ಆಗಷ್ಟೇ ಅಭಿಷೇಕವಾದ ಒಬ್ಬ ಪಾಸ್ಟರ್ ನನ್ನ ಹತ್ತಿರ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಪ್ರಾರ್ಥನಾ ಪುಸ್ತಕದ ಕ್ರಮ "ನಾನೇ ಪುನರುತ್ಥಾನವೂ ಜೀವವೂ" ಅಂತ ಶುರುವಾಗುತ್ತದೆ, ಅಷ್ಟು ಓದುವ ತನಕ ನನ್ನ ದನಿ ಗಟ್ಟಿಯಾಗಿತ್ತು, ಪುಸ್ತಕ ಮುಚ್ಚಿ ಆ ತಾಯಿಯ ಮುಖ ನೋಡಿದಾಗ ಏನು ಹೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಅಣ್ಣಾ ಅಂದ. ಈ ಹಾಳೆ ಎರಡೇ ಪುಟ. ನಾಲ್ಕು ಸಲ ತಿದ್ದಿದೆವು. ಹೇಳಬೇಕಾದ್ದಕ್ಕಿಂತ ಹೇಳಬಾರದ್ದೇ ಅದರಲ್ಲಿ ಹೆಚ್ಚು. "ದೇವರಿಗೆ ಮಗು ಬೇಕಾಗಿತ್ತು" ಅನ್ನಬೇಡಿ. "ಇನ್ನೊಂದು ಆಗುತ್ತದೆ" ಅನ್ನಲೇಬೇಡಿ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅತ್ತನು, ಅದನ್ನು ಓದಿ. ಮಗುವಿಗೆ ಹೆಸರಿದ್ದರೆ ಹೆಸರು ಹಿಡಿದು ಹೇಳಿ. ಬಂದವರೆಲ್ಲ ಹೋಗಿ ಮನೆ ಖಾಲಿಯಾದ ಮೇಲೆ, ಮೂರನೇ ವಾರದಲ್ಲಿ ಮತ್ತೆ ಹೋಗಿ. ಮುಂದಿನ ವರ್ಷದ ಅದೇ ತಾರೀಕನ್ನು ಡೈರಿಯಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.

ಸತ್ಯವೇದಕ್ಕೆ, ಸುವಾರ್ತೆಗೆ ಒತ್ತು ಕೊಡುವ ಇವ್ಯಾಂಜೆಲಿಕಲ್ ಪಂಥ ಅಂದರೆ ಪ್ರಸಂಗ ಮಾತ್ರ, ಪ್ರಾರ್ಥನಾ ಪುಸ್ತಕ ಹಳೇ ಸಾಮಾನು ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಕ್ರ್ಯಾನ್ಮರ್ ಬರೆದ ಒಂದು ಚಿಕ್ಕ ಪ್ರಾರ್ಥನೆ ಇದೆ: ನಿನ್ನ ವಾಕ್ಯವನ್ನು ನಾವು ಕೇಳಬೇಕು, ಓದಬೇಕು, ಗುರುತು ಹಾಕಿಕೊಳ್ಳಬೇಕು, ಕಲಿಯಬೇಕು, ಒಳಗೆ ಅರಗಿಸಿಕೊಳ್ಳಬೇಕು ಅಂತ. ಸತ್ಯವೇದದ ಮೇಲಿನ ಪ್ರೀತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವವರು ಸಿಕ್ಕರೆ ತಿಳಿಸಿ.

ಈಗ ದುಡ್ಡಿನ ಮಾತು. ಬಂದ ಕಾಣಿಕೆ ಪುಸ್ತಕ, ಅನುವಾದ, ಅಚ್ಚು, ಸಭಾಪಾಲಕರ ಪ್ರಯಾಣದ ಖರ್ಚು, ಇಷ್ಟಕ್ಕೇ ಹೋಗುತ್ತದೆ. ಟ್ರಸ್ಟಿಗಳು ಸಂಬಳ ತೆಗೆದುಕೊಳ್ಳುವುದಿಲ್ಲ. ರಸೀದಿ ಕೊಡುತ್ತೇವೆ. ಲೆಕ್ಕ ಯಾರು ಕೇಳಿದರೂ ತೋರಿಸುತ್ತೇವೆ, ಕೇಳಿದರೆ ಬೇಜಾರಿಲ್ಲ. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ತಿಂಗಳು ಚಿಕ್ಕದಾಗಿ ಕೊಟ್ಟರೆ ನಮಗೆ ಅನುಕೂಲ, ಏಕೆಂದರೆ ಅನುವಾದಕರಿಗೆ ತಿಂಗಳು ತಿಂಗಳು ಕೊಡಬೇಕು. ದಾನಿಗಳ ಹೆಸರನ್ನು ಎಲ್ಲೂ ಹಾಕುವುದಿಲ್ಲ, ಪುಸ್ತಕದ ಒಳಪುಟದಲ್ಲೂ ಇಲ್ಲ. ಲಂಡನ್ನಿನ ಆಲ್ ಸೋಲ್ಸ್ ಚರ್ಚಿನ ಸಭಾಪಾಲಕರಾಗಿದ್ದ ಜಾನ್ ಸ್ಟಾಟ್ ತಮ್ಮ ಪುಸ್ತಕಗಳ ಗೌರವಧನವನ್ನು ಬೇರೆ ಬೇರೆ ದೇಶದ ಸಭಾಪಾಲಕರಿಗೆ ಪುಸ್ತಕ ಕೊಡಿಸಲು ಎತ್ತಿಟ್ಟಿದ್ದರು. ಆ ಪುಸ್ತಕ ಓದಿ ಮಾಡಿದ ಪ್ರಸಂಗ ಕೇಳಿದ ಎಷ್ಟೋ ಜನರಿಗೆ ಅವರ ಹೆಸರೂ ಗೊತ್ತಿರಲಿಕ್ಕಿಲ್ಲ.

ಒಂದು ವಿನಂತಿ. ದಯವಿಟ್ಟು ಹಳೇ ಪುಸ್ತಕ ಕಳಿಸಬೇಡಿ. ಹೋದ ಸಲ ಕೇಳಿ ಕೆಟ್ಟೆವು. ರಟ್ಟು ಹೋದ ಕೀರ್ತನೆ ಪುಸ್ತಕಗಳು, ಪರೀಕ್ಷೆಯ ಗೈಡುಗಳು, ಯಾರದೋ ಅರ್ಧ ಬರೆದ ಡೈರಿ ಕೂಡ ಬಂತು. ಡೈರಿ ಓದಲಿಲ್ಲ, ವಾಪಸ್ ಕೊಟ್ಟೆವು.

ಕಾಣಿಕೆ ಕೊಡುವ ವಿವರ ಈ ಪತ್ರದ ಜೊತೆಗಿರುವ ಚೀಟಿಯಲ್ಲಿದೆ. ಚೀಟಿಯ ಹಿಂದೆ ಜಾಗ ಖಾಲಿ ಬಿಟ್ಟಿದ್ದೇವೆ. ನಿಮ್ಮ ಸಭಾಪಾಲಕರಿಗೆ ಯಾವ ಪುಸ್ತಕ ಬೇಕು ಅಂತ ಕೇಳಿ ಅಲ್ಲಿ ಬರೆಯಿರಿ. ಸೋಮವಾರ ಕೇಳಿ, ಮಂಗಳವಾರ ಕೇಳಿ. ಶನಿವಾರ ರಾತ್ರಿ ಮಾತ್ರ ಬೇಡ, ಆಗ ಅವರಿಗೆ ಪುರುಸೊತ್ತಿರುವುದಿಲ್ಲ.